ಕೈ ಹಿಂದೆ ಕಟ್ಟಿ ನಿಂತವರು

ಮೊನ್ನೆ ನಮ್ಮ ಹಳೆಯ ಆಫೀಸಿನಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಗೋಡೆಗೆ ಬಿಳಿ ಪರದೆ ಇಳಿಬಿಟ್ಟು ಅವರ ಫೋಟೋಗಳನ್ನು ಒಂದಾದ ಮೇಲೊಂದು ತೋರಿಸಿದರು. ಎಲ್ಲದರಲ್ಲೂ ಹೆಚ್ಚುಕಮ್ಮಿ ಅದೇ ನೋಟ. ನೆಲದ ಮೇಲೆ ರಂಗೋಲಿ ಪುಡಿಯ ಗೆರೆಗಳು, ಸುತ್ತ ಕುಕ್ಕರಗಾಲಲ್ಲಿ ಕೂತ ಹೆಂಗಸರು, ಸ್ವಲ್ಪ ದೂರದಲ್ಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ ಅವರು. ಮಾತಾಡಿದವರೆಲ್ಲ ಸುತ್ತಿಬಳಸಿ ಒಂದೇ ಮಾತು ಹೇಳಿದರು, ನಗರದ ಯೋಜನೆಯನ್ನು ಜನರ ಕೈಗೆ ಕೊಟ್ಟ ಪುಣ್ಯಾತ್ಗಿತ್ತಿ ಎಂದು. ಒಬ್ಬ ಮಹಾಶಯರಂತೂ, "ಜನರ ನಕ್ಷೆಯಲ್ಲಿ ಆಕೆ ತನ್ನ ಕೈಯಾರೆ ಒಂದೇ ಒಂದು ಗೆರೆ ಎಳೆದವರಲ್ಲ" ಎಂದು ಹೇಳಿ ಕಣ್ಣು ಒರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ನನ್ನನ್ನೂ ಮಾತಿಗೆ ಕರೆದಾಗ ಗಂಟಲು ಸರಿಯಿಲ್ಲ ಎಂದೆ. ಗಂಟಲು ಚೆನ್ನಾಗಿಯೇ ಇತ್ತು. ಹೇಳಬೇಕಾದ್ದು ಐದು ನಿಮಿಷದಲ್ಲಿ ಮುಗಿಯುವಂಥದ್ದಾಗಿರಲಿಲ್ಲ, ಹಾರ ಹಾಕಿದ ಫೋಟೋದ ಮುಂದೆ ಹೇಳುವಂಥದ್ದೂ ಆಗಿರಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರು ಕೆಲಸ ಮಾಡಿದ ಬಸ್ತಿಗಳಲ್ಲೂ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ಬಸ್ತಿ ಅಂದರೆ ದೆಹಲಿಯ ಸುತ್ತಮುತ್ತ ಬಡವರು ತಾವೇ ಕಟ್ಟಿಕೊಂಡ ಕೇರಿ. ಅಲ್ಲಿ ಅವರು ಬರೀ "ರಂಗೋಲಿವಾಲಿ ಮೇಡಂ". ನಾನು ಮೊದಲ ದಿನ ಮೇಡಂ ಎಂದಿದ್ದಕ್ಕೆ, "ಹಾಗಂತ ಹಿಂದಿಯವರು ಕರೀಲಿ. ನಿಂಗೇನಾಗಿದೆ ದೊಡ್ಡ ರೋಗ? ಅಕ್ಕ ಅನ್ನು" ಎಂದು ಗದರಿಸಿದರು. ಅವರು ಮೈಸೂರಿನವರು, ನಾನು ಚಿತ್ರದುರ್ಗದವಳು. ನಗರ ಯೋಜನೆ ಓದಿ ಮುಗಿಸಿ, ದೆಹಲಿಯ ಮುನಿರ್ಕಾದಲ್ಲಿ ಇಬ್ಬರು ಹುಡುಗಿಯರ ಜೊತೆ ಕಿಟಕಿಯಿಲ್ಲದ ಒಂದು ರೂಮು ಹಿಡಿದು, ಕೆಲಸ ಹುಡುಕಿಕೊಂಡು ಅವರ ಆಫೀಸಿಗೆ ಹೋಗಿದ್ದೆ. ನಮ್ಮದು ಸಣ್ಣ ಸಂಸ್ಥೆ. ಸರ್ಕಾರದ ಪ್ರಾಧಿಕಾರದವರು ಯಾವುದಾದರೂ ಕೇರಿಗೆ ಚರಂಡಿ, ರಸ್ತೆ, ಉದ್ಯಾನ ಎಂದು ಯೋಜನೆ ಹಾಕುವ ಮುಂಚೆ ಅಲ್ಲಿಯ ಜನರನ್ನು ಸೇರಿಸಿ, ಅವರಿಗೆ ಏನು ಬೇಕು ಎಂದು ಕೇಳಿ ಬರೆದುಕೊಡುವುದು ನಮ್ಮ ಕೆಲಸ.

ಕೇಳುವುದಕ್ಕೆ ಅಕ್ಕ ಕಂಡುಕೊಂಡ ದಾರಿ ರಂಗೋಲಿ. ಕಾಗದ, ಪೆನ್ನು ಎಂದರೆ ಹೆಂಗಸರು ಹಿಂದೆ ಸರಿಯುತ್ತಾರೆ, ಓದಿದ ಗಂಡಸೊಬ್ಬ ಮುಂದೆ ಬಂದು ಕೂರುತ್ತಾನೆ. ಪುಡಿ ಎಂದರೆ ಕಥೆಯೇ ಬೇರೆ. ಹೆಂಗಸರಿಗೆಲ್ಲ ಕೈಯಿಂದ ಕೈಗೆ ಪುಡಿಯ ಬಟ್ಟಲು ದಾಟಿಸಿ, "ನಿಮ್ಮ ಕೇರೀನ ನೆಲದ ಮೇಲೆ ಬಿಡಿಸಿ" ಎನ್ನುತ್ತಿದ್ದರು. ಬಾಟಲಿ ಮುಚ್ಚಳ ಇಟ್ಟರೆ ನಲ್ಲಿ, ಇಟ್ಟಿಗೆ ಚೂರು ಇಟ್ಟರೆ ಮನೆ, ಎಲೆ ಇಟ್ಟರೆ ಮರ. ಒಂದು ಮಧ್ಯಾಹ್ನದೊಳಗೆ ಅಂಗಳದ ತುಂಬ ಇಡೀ ಕೇರಿ ಎದ್ದು ನಿಲ್ಲುತ್ತಿತ್ತು. ಇಲ್ಲಿ ನೀರು ನಿಲ್ಲುತ್ತೆ, ಇಲ್ಲಿ ಹೆಣ್ಣುಮಕ್ಕಳು ಕತ್ತಲಾದ ಮೇಲೆ ಹೋಗಲ್ಲ, ಇಲ್ಲಿ ಲೈಟು ಬೇಕು ಎಂದು ಹೆಂಗಸರು ಅದರ ಮೇಲೇ ಓಡಾಡಿಕೊಂಡು ಜಗಳವಾಡುತ್ತಿದ್ದರು. ಮೊದಲ ಸಲ ಅದನ್ನು ನೋಡಿ ನಾನು ಬೆಪ್ಪಾಗಿ ನಿಂತಿದ್ದೆ. ಕಾಲೇಜಿನಲ್ಲಿ ಎರಡು ವರ್ಷ ಕಲಿತದ್ದಕ್ಕಿಂತ ಆ ಒಂದು ಮಧ್ಯಾಹ್ನ ಹೆಚ್ಚು ಕಲಿತೆ ಅನ್ನಿಸಿತ್ತು.

ಹೀಗಾಗಿ ಅವರ ಹೆಗಲ ಚೀಲದಲ್ಲಿ ಸದಾ ಪುಡಿಯ ಪೊಟ್ಟಣ. ಮಯೂರ್ ವಿಹಾರ್‌ನ ಅವರ ಮನೆ ಹತ್ತಿರದ ಮೆಟ್ರೋ ನಿಲ್ದಾಣಕ್ಕೆ ತಪಾಸಣೆಯ ಹೊಸ ಸಿಬ್ಬಂದಿ ಬಂದಾಗಲೆಲ್ಲ ಚೀಲ ಯಂತ್ರದೊಳಗೇ ನಿಲ್ಲುತ್ತಿತ್ತು. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಿಳಿ ಪುಡಿ ಕಂಡರೆ ಯಾರು ಬಿಡುತ್ತಾರೆ? ಒಮ್ಮೆ ನಾನೂ ಜೊತೆಗಿದ್ದೆ. "ಯೇ ಕ್ಯಾ ಹೈ, ಮೇಡಂ?" ಎಂದು ಆ ಮನುಷ್ಯ ಕೇಳಿದ್ದೇ ತಡ, ಅಕ್ಕ ಅಲ್ಲೇ ಪಕ್ಕದಲ್ಲಿ ಕೂತು, ಸೆರಗು ಸಿಕ್ಕಿಸಿಕೊಂಡು, ಚಿಟಿಕೆ ಪುಡಿಯಲ್ಲಿ ಎಂಟೆಸಳಿನ ಕಮಲ ಬಿಡಿಸಿದರು. ಹಿಂದಿನ ಸಾಲಿನವರು ಆಫೀಸಿಗೆ ತಡವಾಗುತ್ತೆ ಎಂದು ಗೊಣಗಿದರು. ಆತ ಬಗ್ಗಿ ನೋಡಿ, "ಅಚ್ಛಾ, ಅಚ್ಛಾ, ದಿವಾಲಿವಾಲಾ" ಎಂದು ಬಿಟ್ಟುಬಿಟ್ಟ. ಮೆಟ್ರೋ ಹತ್ತಿದ ಮೇಲೆ ನಾನು, "ಬರೀ ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ?" ಎಂದು ರೇಗಿದೆ. "ನನ್ನ ಹಿಂದಿ ಕೇಳಿದ್ರೆ ಒಳಗೇ ಹಾಕ್ತಿದ್ದ" ಎಂದರು.

ಅದು ನಿಜವೇ. ದೆಹಲಿಯಲ್ಲಿ ಅಷ್ಟು ವರ್ಷ ಕಳೆದರೂ ಅವರ ಹಿಂದಿ ಅರ್ಧ ಕನ್ನಡವೇ. ಸಂಸ್ಕೃತದ ಪದ ಎರಡು ಕಡೆಯೂ ನಡೆಯುತ್ತೆ ಎಂಬ ಗಟ್ಟಿ ನಂಬಿಕೆ ಬೇರೆ. ಪ್ರತಿ ಸಭೆಯ ಆರಂಭದಲ್ಲೂ ಕೈಮುಗಿದು, "ಆಪ್ ಲೋಗ್ ಅವಸರ್ ಮತ್ ಕೀಜಿಯೇ" ಎನ್ನುತ್ತಿದ್ದರು. ಗಡಿಬಿಡಿ ಮಾಡಬೇಡಿ ಎಂದು ಅವರ ಅರ್ಥ. ಹಿಂದಿಯಲ್ಲಿ ಅವಸರ್ ಅಂದರೆ ಸದವಕಾಶ. ಇಷ್ಟು ದೂರದಿಂದ ಬಂದು ಅವಕಾಶ ಬೇಡ ಅಂತಿದ್ದಾಳಲ್ಲ ಈ ಹೆಂಗಸು ಎಂದು ಬಸ್ತಿಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾನು ತಿದ್ದಿ ತಿದ್ದಿ ಸೋತೆ. ಕೊನೆಕೊನೆಗೆ ಜನವೇ ಅದನ್ನು ಒಪ್ಪಿಕೊಂಡು, ಅವರು ಬರುವುದು ಕಂಡರೆ ದೂರದಿಂದಲೇ "ಮೇಡಂ, ಅವಸರ್ ಮತ್ ಕೀಜಿಯೇ" ಎಂದು ಛೇಡಿಸುತ್ತಿದ್ದರು.

ಅವರಿಗೆ ಎರಡು ಕಟ್ಟುಪಾಡುಗಳಿದ್ದವು. ಒಂದು, ನೀರು ಕುಡಿಯದ ಮನೆಯ ನಕ್ಷೆ ಮಾಡಬಾರದು. ಹೊಸ ಬಸ್ತಿಗೆ ಹೋದರೆ ಮೊದಲು ಗಲ್ಲಿ ಗಲ್ಲಿ ತಿರುಗಿ, ಕಂಡ ಮನೆಯಲ್ಲಿ ಕೂತು ನೀರು ಕೇಳುತ್ತಿದ್ದರು. ಲೋಟದ ಕಡೆ ನೋಡದೆ ಗಟಗಟ ಕುಡಿಯುತ್ತಿದ್ದರು. ನನಗೆ ಆ ನೀರು ಕುಡಿದು ಎರಡು ಸಲ ಕಾಮಾಲೆಯಾಯಿತು, ಅವರಿಗೆ ಏನೂ ಆಗಲಿಲ್ಲ. ಇನ್ನೊಂದು, ಜನ ಬಿಡಿಸುವಾಗ ನಾವು ಕೈ ಹಾಕಬಾರದು. ಯಾರಾದರೂ ತಪ್ಪು ಗೆರೆ ಎಳೆದರೂ ಅಷ್ಟೆ. ಇನ್ನೊಬ್ಬಳು ನೋಡಿ ತಿದ್ದಬೇಕು, ನಾವಲ್ಲ. ಕೈ ತಾನಾಗಿ ಮುಂದೆ ಹೋಗಿಬಿಡುತ್ತೆ ಎಂದೇ ಅವರು ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ನಿಲ್ಲುತ್ತಿದ್ದರು.

ಯಾಕಿಷ್ಟು ಮಡಿ ಎಂದು ಒಮ್ಮೆ ಕೇಳಿದ್ದಕ್ಕೆ ಅವರು ಯಾವ ಪುಸ್ತಕದ ಮಾತನ್ನೂ ಹೇಳಲಿಲ್ಲ. ಮದುವೆಯಾಗಿ ಗಂಡನ ಮನೆಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಇಟ್ಟರಂತೆ. ಅವರಮ್ಮ ಕಲಿಸಿದ್ದು, ಹೂವಿನ ಬಳ್ಳಿಯದು. ಅತ್ತೆ ಹೊರಗೆ ಬಂದು ನೋಡಿ, ಏನೂ ಬೈಯಲಿಲ್ಲವಂತೆ. ಬಗ್ಗಿ ಎರಡು ಎಸಳನ್ನು ಬೆರಳಿಂದ ಅಳಿಸಿ ತಮ್ಮ ಮನೆಯ ಪದ್ಧತಿಯ ಹಾಗೆ ತಿದ್ದಿ ಒಳಗೆ ಹೋದರಂತೆ. "ಅಷ್ಟೇ ಕಣೇ. ತುಂಬ ಒಳ್ಳೇ ಹೆಂಗಸು ನಮ್ಮತ್ತೆ. ಆದ್ರೆ ಅವರು ಬದುಕಿರೋ ತನಕ ಆ ಬಾಗಿಲು ನಂದು ಅನ್ನಿಸಲೇ ಇಲ್ಲ. ಇನ್ನೊಬ್ಬರ ರಂಗೋಲಿಗೆ ಕೈ ಹಾಕಬಾರದು." ಇದನ್ನು ಹೇಳುವಾಗ ಅವರ ಧ್ವನಿ ಸಣ್ಣಗಾಗಿತ್ತು. ನಮ್ಮ ಕಡೆಯ ಯಾವ ಹೆಂಗಸಿಗಾದರೂ ಆ ಮಾತು ಅರ್ಥವಾಗುತ್ತದೆ. ನನಗೂ ಆಯಿತು, ಮತ್ತೆ ಆ ವಿಷಯ ಎತ್ತಲಿಲ್ಲ.

ದೊಡ್ಡವರ ಮುಂದೆ ಅವರ ಬಾಯಿಗೆ ಅಡ್ಡಿಯೇ ಇರಲಿಲ್ಲ. ಸುಸ್ಥಿರ ನಗರ ಎಂಬ ವಿಷಯದ ಮೇಲೆ ಪಂಚತಾರಾ ಹೋಟೆಲೊಂದರಲ್ಲಿ ವಿಚಾರ ಸಂಕಿರಣ. ಎಸಿಯ ಚಳಿಗೆ ನಾನು ದುಪಟ್ಟಾ ಹೊದ್ದು ಕೂತಿದ್ದೆ. ಒಬ್ಬ ಸಲಹೆಗಾರರು ಯೋಜನೆಯ ಮುದ್ರಿತ ಪುಸ್ತಕವನ್ನೇ ಮೇಜಿನ ಮೇಲಿಟ್ಟು, ಇನ್ನು ಒಂದು ಮಧ್ಯಾಹ್ನ ಜನಾಭಿಪ್ರಾಯವನ್ನೂ ಮುಗಿಸಿಬಿಡಬೇಕು ಎಂದರು. ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ತಾಳಿ ಕಟ್ಟಿದ ಮೇಲೆ ಜಾತಕ ನೋಡ್ತಾರಂತೆ" ಎಂದರು. ಸುಮ್ಮನಿರಬಾರದೇ? ಅದನ್ನೇ ತಮ್ಮ ಹಿಂದಿಗೆ ತಿರುಗಿಸಿ ಇಡೀ ಸಭೆಗೆ ಹೇಳಿದರು. ಆ ಸಲಹೆಗಾರರು ಮತ್ತೆಂದೂ ನಮ್ಮನ್ನು ಕರೆಯಲಿಲ್ಲ.

ಇಂಥವರನ್ನು ನಾನು ದೇವರ ಹಾಗೆ ನೋಡುತ್ತಿದ್ದೆ. ಅದಕ್ಕೇ ಘಾಜಿಯಾಬಾದ್ ಕಡೆಯ ಆ ಬಸ್ತಿಯ ಸಂಗತಿ ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿದೆ.

ಅದು ತಗ್ಗಿನ ಜಾಗ. ಮಳೆ ಬಂದರೆ ಮೊಣಕಾಲುದ್ದ ನೀರು, ವಾರಗಟ್ಟಲೆ ಇಳಿಯುತ್ತಿರಲಿಲ್ಲ. ಪ್ರಾಧಿಕಾರದವರು ಅಲ್ಲಿಗೆ ಚರಂಡಿ, ಕುಡಿಯುವ ನೀರು, ಮಳೆನೀರು ಇಂಗಲು ಒಂದು ಕೊಳ, ಅದರ ಸುತ್ತ ಗಿಡ ಎಂದು ಯೋಜನೆ ಹಾಕಿದ್ದರು. ಕೊಳ ಎಲ್ಲಿ ಬರಬೇಕೆಂದು ಜನರೇ ತೋರಿಸಲಿ ಎಂದು ನಮಗೆ ಒಪ್ಪಿಸಿದರು. ಅಂಥ ಕೆಲಸ ಸಿಗುವುದೇ ಅಪರೂಪ. ಅಕ್ಕ ಹಬ್ಬಕ್ಕೆ ಹೊರಟವರ ಹಾಗೆ ಹೊರಟರು.

ಮೊದಲ ದಿನ ಪದ್ಧತಿಯಂತೆ ಗಲ್ಲಿ ಸುತ್ತಿದೆವು. ಮುಂದಿನ ಗಲ್ಲಿಗಳಲ್ಲಿ ಇಟ್ಟಿಗೆ ಮನೆಗಳು, ಕಾರ್ಖಾನೆಗೆ ಹೋಗುವವರು, ಮನೆಗೆಲಸಕ್ಕೆ ಹೋಗುವವರು. ಎಲ್ಲಕ್ಕಿಂತ ಹಿಂದೆ ಒಂದು ಗಲ್ಲಿ, ಬಸ್ತಿಯವರ ಬಾಯಲ್ಲಿ ಪಿಛ್‌ಲಿ ಗಲಿ. ಅಲ್ಲಿ ಕಸ ಆಯ್ದು ವಿಂಗಡಿಸಿ ಮಾರುವವರ ಪ್ಲೈವುಡ್, ತಾಡಪಾಲಿನ ಮನೆಗಳು. ಉಳಿದವರಿಗಿಂತ ತಡವಾಗಿ ಬಂದವರಾದರೂ ಅವರ ಮಕ್ಕಳು ಅಲ್ಲೇ ಹುಟ್ಟಿದ್ದವು. ಸಬಿತಾ ಎಂಬ ಹೆಂಗಸು ನಮ್ಮನ್ನು ಒಳಗೆ ಕರೆದು ಕೂರಿಸಿದಳು. ಗೋಡೆಯೆಲ್ಲ ಹಳೆಯ ಹಲಗೆ, ಆದರೆ ನೆಲಕ್ಕೆ ಹೊಸದಾಗಿ ಸಿಮೆಂಟು ಹಾಕಿಸಿದ್ದಳು. ಚಪ್ಪಲಿ ಬಿಟ್ಟು ಬರಬೇಕೆಂದು ನಗುತ್ತಲೇ ಅಪ್ಪಣೆ ಮಾಡಿದಳು. ಈಗ ಮಳೆ ಬಂದರೂ ಮಕ್ಕಳು ಒಣ ನೆಲದಲ್ಲಿ ಮಲಗುತ್ತವೆ ಎಂದು ಅಂಗೈಯಿಂದ ನೆಲ ಸವರಿ ತೋರಿಸಿದಳು. ಅಕ್ಕ ಎರಡು ಲೋಟ ನೀರು ಕುಡಿದು, ನೆಲ ಕನ್ನಡಿಯ ಹಾಗಿದೆ ಎಂದು ಹೊಗಳಿ, ಅವಳ ಹೆಸರನ್ನು ಎರಡು ಸಲ ಕೇಳಿಕೊಂಡು ಬಂದರು.

ನಕ್ಷೆ ಬಿಡಿಸಿದ್ದು ಚಳಿಗಾಲದ ಒಂದು ಮಧ್ಯಾಹ್ನ, ಬಾಲವಾಡಿಯ ಮುಂದಿನ ಬಯಲಿನಲ್ಲಿ. ಎಳೆ ಬಿಸಿಲು. ಬಸ್ತಿಯ ಹೆಂಗಸರಿಗೆ ಮುಂದಾಳಾಗಿದ್ದ ಮಾಲತಿ ದೀದಿ ಪುಡಿಯ ಬಟ್ಟಲು ಹಿಡಿದು ಮೊದಲ ಗೆರೆ ಎಳೆದಳು. ಕೈಪಂಪು ಬಂತು, ಮಂದಿರ ಬಂತು, ಒಂದೊಂದೇ ಗಲ್ಲಿ, ಇಟ್ಟಿಗೆ ಚೂರಿನ ಮನೆಗಳು, ನೀರು ನಿಲ್ಲುವ ಕಡೆಗೆಲ್ಲ ಇದ್ದಿಲಿನ ಗುರುತು. ಹೆಂಗಸರು ನಗುತ್ತ, ತಳ್ಳಾಡುತ್ತ ಬಿಡಿಸಿದರು. ಎಲ್ಲ ಆಯಿತು. ಹಿಂದಿನ ಗಲ್ಲಿಯ ಜಾಗದಲ್ಲಿ ಮಾತ್ರ ಬರೀ ಮಣ್ಣು.

ನಾನು ಅವರ ಸೆರಗು ಜಗ್ಗಿದೆ. "ಅಕ್ಕಾ, ಹಿಂದಿನ ಗಲ್ಲಿ ಬಿಟ್ಟಿದಾರೆ."

"ನೋಡಿದೆ."

"ಮತ್ತೆ ಹೇಳಿ."

"ನಾವು ಹೇಳೋ ಹಾಗಿಲ್ಲ. ಇರು, ಕೇಳ್ತೀನಿ."

ಅವರು ಆ ಜಾಗದ ಪಕ್ಕಕ್ಕೆ ಹೋಗಿ, "ಇಲ್ಲಿ ಏನಿದೆ?" ಎಂದು ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲಿ ಕೇಳಿದರು.

ಮಾಲತಿ ದೀದಿ ತಲೆ ಎತ್ತಲಿಲ್ಲ. "ಖಾಲಿ ಹೈ, ಮೇಡಂ."

ಖಾಲಿ ಎಂಬ ಪದಕ್ಕೆ ಹಿಂದಿಯಲ್ಲೂ ಕನ್ನಡದಲ್ಲೂ ಒಂದೇ ಅರ್ಥ. ತಪ್ಪು ತಿಳಿಯಲು ಅವಕಾಶವೇ ಇರಲಿಲ್ಲ. ಆ ಹೆಂಗಸರನ್ನು ನಾನು ರಾಕ್ಷಸಿಯರು ಅನ್ನುವುದಿಲ್ಲ. ಹಿಂದಿನ ಗಲ್ಲಿ ಇದೆ ಎಂದು ಒಪ್ಪಿದರೆ ಕೊಳಕ್ಕೆ ಜಾಗ ಎಲ್ಲಿಂದ ಬರಬೇಕು? ತಮ್ಮದೇ ಮನೆಗಳನ್ನು ಒಡೆದು ಕೊಡಬೇಕು. ಕಸ ಆಯುವವರು ನಮ್ಮವರಲ್ಲ, ಇವತ್ತು ಇದ್ದು ನಾಳೆ ಹೋಗುವವರು ಎಂದು ತಮಗೆ ತಾವೇ ಹೇಳಿಕೊಂಡಿದ್ದರು.

ಅಕ್ಕ ಮತ್ತೊಮ್ಮೆ ಕೇಳಿದರು. "ಎಲ್ಲರೂ ಸರಿಯಾಗಿ ನೋಡಿ. ಇಲ್ಲಿ ಯಾರೂ ಇಲ್ವಾ?" ಯಾರೂ ಉಸಿರೆತ್ತಲಿಲ್ಲ. ಗುಂಪಿನ ಕಟ್ಟಕಡೆಗೆ, ಬಾಲವಾಡಿಯ ಗೋಡೆಗೆ ಒರಗಿ ಸಬಿತಾ ನಿಂತಿದ್ದಳು. ಪುಡಿಯ ಬಟ್ಟಲು ಅವಳ ತನಕ ಹೋಗಿರಲೇ ಇಲ್ಲ. ಅಕ್ಕ ಅವಳನ್ನು ಕಂಡರು. ಅವಳೂ ಅಕ್ಕನನ್ನೇ ನೋಡುತ್ತಿದ್ದಳು. ಅಕ್ಕ ಅವಳ ಕಡೆ ನೋಡಿ ಸಣ್ಣಗೆ ನಕ್ಕು, ತಲೆಯಾಡಿಸಿ, ಕಾದರು. ಅವಳು ಮಾತಾಡಲಿಲ್ಲ. ಅಷ್ಟರಲ್ಲಿ ಯಾರೋ ಒಂದು ನೀಲಿ ಪ್ಲಾಸ್ಟಿಕ್ ಚೀಲವನ್ನು ಹರಿದು ತಂದು ಆ ಮಣ್ಣಿನ ಮೇಲೆ ಹಾಸಿದರು. ಕೊಳ ಬಂತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಾಧಿಕಾರದಿಂದ ಬಂದವನು ಏಣಿ ಹತ್ತಿ ಫೋಟೋ ತೆಗೆದುಕೊಂಡ. ಆಮೇಲೆ ಸಮೋಸ, ಚಹಾ.

ಮೆಟ್ರೋ ತನಕದ ಆಟೋದಲ್ಲಿ ನಾನು ಅವರ ಜೊತೆ ಜಗಳವಾಡಿದೆ. "ನೀವು ನೀರು ಕುಡಿದ ಮನೆ ಅದು. ನಾಲ್ಕು ಇಟ್ಟಿಗೆ ಚೂರು ಇಡೋಕೆ ಏನಾಗಿತ್ತು ನಿಮ್ಮ ಕೈಗೆ?"

"ನಾನು ಇಟ್ಟಿದ್ರೆ ಅದು ನನ್ನ ನಕ್ಷೆ ಆಗ್ತಿತ್ತು. ನಾವು ಬೆನ್ನು ತಿರುಗಿಸಿದ ಮೇಲೆ ಆ ಹೆಂಗಸರು ಸಬಿತಾ ಮೇಲೆ ಬೀಳ್ತಿದ್ರು. ಅವರ ಬಾಯಲ್ಲೇ ಬರಬೇಕು ಕಣೇ. ಎರಡನೇ ಸಭೆ ಇದೆಯಲ್ಲ, ಅದರಲ್ಲಿ ಬರೋ ಹಾಗೆ ಮಾಡ್ತೀನಿ."

"ಎರಡನೇ ಸಭೆ ಆಗದೆ ಇದ್ರೆ?"

"ಯಾಕಾಗಲ್ಲ? ಅಪಶಕುನ ನುಡೀಬೇಡ."

ಆಗಲಿಲ್ಲ. ಒಂದು ಸಭೆಯಲ್ಲೇ ಜನ ಒಮ್ಮತಕ್ಕೆ ಬಂದಿದ್ದಾರೆ, ಇನ್ನೊಂದು ಯಾಕೆ ಎಂದು ಪ್ರಾಧಿಕಾರದವರು ಕೇಳಿದರು. ಅಕ್ಕ ಫೋನ್ ಮಾಡಿದರು, ಖುದ್ದಾಗಿ ಹೋಗಿ ಕಾದು ಕೂತರು. ಯಾರಿಗಾದರೂ ತಕರಾರಿದ್ದರೆ ಅಹವಾಲಿನ ದಿನ ಬಂದು ಹೇಳಲಿ ಎಂಬ ಉತ್ತರ ಸಿಕ್ಕಿತು.

ಅಹವಾಲಿನ ದಿನ ಸಬಿತಾ ಮತ್ತು ಅವಳ ಗಲ್ಲಿಯವರು ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ಎಲ್ಲರಿಗೂ ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು, ನಿಧಾನವಾಗಿ ಮಾತಾಡಿದರು. ಆಮೇಲೆ ಗೋಡೆಯ ಮೇಲೆ ಆ ರಂಗೋಲಿ ನಕ್ಷೆಯ ಫೋಟೋ ದೊಡ್ಡದಾಗಿ ಬಿತ್ತು. "ಇದು ನಿಮ್ಮ ಬಸ್ತಿಯವರೇ ಕೂತು ಬಿಡಿಸಿದ್ದು. ಇದರಲ್ಲಿ ನಿಮ್ಮ ಮನೆ ಎಲ್ಲಿದೆ, ತೋರಿಸಿ."

ಸಬಿತಾ ಎದ್ದು ಗೋಡೆಯ ಹತ್ತಿರ ಹೋದಳು. ಅವಳ ತಲೆಯ ನೆರಳು ನಕ್ಷೆಯ ಮೇಲೆ ಬಿತ್ತು, ಪಕ್ಕಕ್ಕೆ ಸರಿದಳು. ಮೊದಲು ಕೈಪಂಪನ್ನು ಹುಡುಕಿದಳು, ಸಿಕ್ಕಿತು. ಅಲ್ಲಿಂದ ದಿನಾ ನೀರು ಹೊತ್ತು ಹೋಗುವ ದಾರಿಯನ್ನು ಬೆರಳಿಟ್ಟು ಹಿಡಿದಳು. ಮಂದಿರದ ಹಿಂದೆ ತಿರುಗಿದಳು, ಕೊನೆಯ ಇಟ್ಟಿಗೆ ಮನೆ ದಾಟಿದಳು. ಬೆರಳು ನೀಲಿ ಪ್ಲಾಸ್ಟಿಕ್ಕಿನ ಮೇಲೆ ಹೋಗಿ ನಿಂತಿತು. ಅವಳು ಅದನ್ನು ಅಲ್ಲಿಂದ ತೆಗೆಯಲಿಲ್ಲ.

ಅಕ್ಕ ಎದ್ದು ನಿಂತರು. "ಸರ್, ಅಲ್ಲಿ ಮನೆಗಳಿವೆ. ನಾನೇ ಒಳಗೆ ಕೂತು ಬಂದಿದ್ದೇನೆ."

"ಯಾವಾಗ, ಮೇಡಂ?"

"ನಕ್ಷೆ ಬಿಡಿಸೋಕೆ ಮುಂಚೆ."

"ಹಾಗಾದರೆ ನಕ್ಷೆಯಲ್ಲಿ ಯಾಕಿಲ್ಲ?"

"ಅದು ಜನರ ನಕ್ಷೆ. ನಾವು ಕೈ ಹಾಕೋದಿಲ್ಲ."

"ನಾವೂ ಅದನ್ನೇ ಹೇಳ್ತಿರೋದು, ಮೇಡಂ. ಜನರ ಮಾತಿಗೆ ನಮ್ಮ ಮಾತು ಸೇರಿಸಬಾರದು ಅಂತ ನಮಗೆ ಕಲಿಸಿದವರೇ ನೀವು."

ಅವರು ಕುಹಕವಾಡಲಿಲ್ಲ. ನಿಜವಾದ ಗೌರವದಿಂದಲೇ ಹೇಳಿದರು. ಅಕ್ಕ ಇನ್ನೂ ಏನೇನೋ ಹೇಳಿದರು. ಹಿಂದಿ ಸಾಲದೆ ಇಂಗ್ಲಿಷಿಗೆ ಹೋದರು, ಅದೂ ಸಾಲದೆ ನಡುವೆ ಕನ್ನಡ ಬಂತು. ಅಧಿಕಾರಿ ತಾಳ್ಮೆಯಿಂದ ಕೇಳಿಕೊಂಡು ಮುಂದಿನವರನ್ನು ಕರೆದರು.

ಬುಲ್ಡೋಜರ್ ಬಂದದ್ದು ಬೆಳಿಗ್ಗೆ. ಸುದ್ದಿ ತಿಳಿದು ನಾವು ಮುಟ್ಟುವ ಹೊತ್ತಿಗೆ ಮುಗಿದಿತ್ತು. ಹಲಗೆ, ತಾಡಪಾಲುಗಳನ್ನು ಜನ ಕಟ್ಟಿಕೊಂಡು ಹೋಗಿದ್ದರು, ಅವು ಎಲ್ಲಿ ಬೇಕಾದರೂ ಮತ್ತೆ ನಿಲ್ಲುತ್ತವೆ. ಸಿಮೆಂಟಿನ ನೆಲವನ್ನು ಮಾತ್ರ ಎತ್ತಿಕೊಂಡು ಹೋಗಲಾಗದು. ಅದು ಮೂರು ಹೋಳಾಗಿ ಬಿದ್ದಿತ್ತು. ಮುಂದಿನ ಗಲ್ಲಿಗಳ ಬಾಗಿಲುಗಳೆಲ್ಲ ಮುಚ್ಚಿದ್ದವು.

ಕೊಳ ಒಳ್ಳೆಯದೇ ಆಯಿತು. ಅದನ್ನು ಹೇಳದಿದ್ದರೆ ನಾನು ಸುಳ್ಳುಗಾರ್ತಿಯಾಗುತ್ತೇನೆ. ಮುಂದಿನ ಮಳೆಗಾಲದಲ್ಲಿ ಆ ಬಸ್ತಿಯಲ್ಲಿ ನೀರು ನಿಲ್ಲಲಿಲ್ಲ. ದಂಡೆಯಲ್ಲಿ ಬೇವಿನ ಗಿಡಗಳು ಚಿಗುರಿದವು, ಜನಸಹಭಾಗಿತ್ವದಿಂದ ನಿರ್ಮಾಣ ಎಂದು ಫಲಕ ಬಂತು. ಮಾದರಿ ಯೋಜನೆ ಎಂದು ನಮ್ಮ ಸಂಸ್ಥೆಗೆ ಪ್ರಶಸ್ತಿಯೂ ಬಂತು. ತರಲು ಅಕ್ಕ ಹೋಗಲಿಲ್ಲ, ನಮ್ಮ ನಿರ್ದೇಶಕರು ಹೋದರು. ಪತ್ರಿಕೆಯ ಫೋಟೋದಲ್ಲಿ ಮಾಲತಿ ದೀದಿ ಹೊಸ ಸೀರೆಯುಟ್ಟು ಅವರ ಪಕ್ಕ ನಿಂತಿದ್ದಳು.

ಅಕ್ಕ ಕೆಲಸ ಬಿಡಲಿಲ್ಲ. ನಿವೃತ್ತಿಯವರೆಗೂ ಚೀಲ ಹೊತ್ತು ಬಸ್ತಿಗಳಿಗೆ ಹೋದರು. ಆದರೆ ಸಭೆಗಳಲ್ಲಿ ಅವರನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಕೇಳಿದ್ದನ್ನೇ ಹತ್ತು ಸಲ ಕೇಳುವರು, ಹೆಂಗಸರ ಮೇಲೆ ಸಿಡುಕುವರು, ಹಿಂದೆ ನಿಂತವರನ್ನು ತೋಳು ಹಿಡಿದು ಎಳೆತಂದು ಮುಂದೆ ಕೂರಿಸುವರು. ಆ ಬಡಪಾಯಿಗಳು ಹೆದರಿ ನಡುಗುತ್ತಿದ್ದವು. ಹೊಸದಾಗಿ ಸೇರಿದವರು, ಇವರೇ ಏನು ಆ ಹೆಸರಾಂತ ಮೇಡಂ ಎಂದು ನನ್ನನ್ನು ಕೇಳುತ್ತಿದ್ದರು. ಆ ದಿನಗಳ ಒಂದು ಫೋಟೋವೂ ಮೊನ್ನೆಯ ಸಭೆಯಲ್ಲಿ ಬರಲಿಲ್ಲ.

ಭಾನುವಾರಗಳಲ್ಲಿ ಸಬಿತಾಳನ್ನು ಹುಡುಕುತ್ತಿದ್ದರು. ದೆಹಲಿಯ ಸುತ್ತ ಕಸ ವಿಂಗಡಿಸುವ ಜಾಗಗಳೇನು ಒಂದೇ ಎರಡೇ? ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾಗಿದ್ದ ಅವರ ಯಜಮಾನರು, ನಾನು ಮನೆಗೆ ಹೋದಾಗೆಲ್ಲ, "ಬೇರೆಯವರ ಹೆಂಡ್ತೀರು ಭಾನುವಾರ ಸೀರೆ ಅಂಗಡಿ ಸುತ್ತಿದ್ರೆ ನಮ್ಮೋಳು ಕಸದ ಮಂಡಿ ಸುತ್ತುತಾಳಮ್ಮ" ಎಂದು ನಗಲು ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ನಗು ಇರುತ್ತಿರಲಿಲ್ಲ. ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೆ. ಸಿಕ್ಕರೆ ಏನು ಮಾಡುತ್ತೀರಿ ಎಂದರೆ, "ಒಂದು ಮಾತು ಕೇಳೋದಿದೆ" ಎನ್ನುತ್ತಿದ್ದರು, ಅಷ್ಟೇ.

ಕೊನೆಗೊಮ್ಮೆ ಸಿಕ್ಕಿದಳು. ಊರಾಚೆ ತಗಡು ಬೇಲಿಯ ಒಂದು ಅಂಗಳದಲ್ಲಿ, ಪ್ಲಾಸ್ಟಿಕ್ ಬಾಟಲಿಗಳ ರಾಶಿಯ ಮುಂದೆ ಕೂತು ಬಣ್ಣದ ಮುಚ್ಚಳಗಳನ್ನು ಬೇರೆ ಮಾಡುತ್ತಿದ್ದಳು. ತೆಳ್ಳಗಾಗಿದ್ದಳು. ನಮ್ಮನ್ನು ತಕ್ಷಣ ಗುರುತು ಹಿಡಿದಳು, ಎದ್ದು ಗೋಣಿ ಹಾಸಿ ಕೂರಿಸಿದಳು. ಕಾಲ ಕೆಳಗೆಲ್ಲ ಕೆಸರು. ಮಕ್ಕಳು ಹೇಗಿವೆ ಎಂದು ಅಕ್ಕ ಕೇಳಿದರು. ದೊಡ್ಡವಳು ಕೆಲಸಕ್ಕೆ ಹೋಗುತ್ತಾಳೆ, ಸ್ಕೂಲು ಬಿಡಿಸಿಯಾಯಿತು, ಇಲ್ಲಿಂದ ತುಂಬ ದೂರ ಎಂದಳು. ಚಿಕ್ಕವನಿಗೆ ಎದೆ ಕಟ್ಟುತ್ತದೆ, ನೆಲ ಒಣಗುವುದೇ ಇಲ್ಲ ಎಂದಳು. ದೂರುವ ಧ್ವನಿಯಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವ ಧ್ವನಿ.

ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡರು. "ಸಬಿತಾ, ಅವತ್ತು ನಕ್ಷೆ ಬಿಡಿಸುವಾಗ ನೀನು ಅಲ್ಲೇ ಇದ್ದೆ. ಇಲ್ಲಿ ಯಾರೂ ಇಲ್ವಾ ಅಂತ ನಾನು ಎರಡು ಸಲ ಕೇಳಿದೆ. ನೀನು ಯಾಕಮ್ಮ ಬಾಯಿ ಬಿಡಲಿಲ್ಲ?"

ಸಬಿತಾ ಅವರನ್ನು ನೋಡಿದಳು. ಆ ಪ್ರಶ್ನೆಯೇ ಅವಳಿಗೆ ಅರ್ಥವಾಗದ ಹಾಗಿತ್ತು. ಆಮೇಲೆ ನಿಧಾನವಾಗಿ ಹೇಳಿದಳು.

"ಹೇಳಬೇಕು ಅಂತಲೇ ಬಂದಿದ್ದೆ, ಮೇಡಂ. ಬಾಯಿವರೆಗೆ ಬಂದಿತ್ತು. ಅಷ್ಟರಲ್ಲಿ ನೀವು ನನ್ನ ಕಡೆ ನೋಡಿ ನಕ್ಕಿರಿ, ತಲೆ ಆಡಿಸಿದಿರಿ. ಮೇಡಂಗೆ ಎಲ್ಲ ಗೊತ್ತು, ನಮ್ಮ ಮನೆ ನೋಡಿದಾರೆ, ಅವರೇ ಹೇಳ್ತಾರೆ, ನೀನು ಸುಮ್ಮನಿರು ಅಂತಿದಾರೆ ಅಂದುಕೊಂಡೆ. ಅದಕ್ಕೇ ಸುಮ್ಮನಾದೆ."

ಮಂಡಿಯ ಯಜಮಾನ ಅತ್ತಲಿಂದ ಕೂಗಿದ್ದಕ್ಕೆ ಸಬಿತಾ ಕೈ ಬಿಡಿಸಿಕೊಂಡು, ಕೆಲಸ ಇದೆ ಎಂದು ರಾಶಿಯ ಕಡೆ ತಿರುಗಿದಳು. ನಾನು ಅಕ್ಕನ ರಟ್ಟೆ ಹಿಡಿದು ರಸ್ತೆಯವರೆಗೆ ನಡೆಸಿಕೊಂಡು ಬಂದೆ. ಶೇರ್ ಆಟೋದಲ್ಲಿ ನಮ್ಮ ಜೊತೆ ಇನ್ನೂ ನಾಲ್ಕು ಜನ ಇದ್ದರು. ಮೆಟ್ರೋ ನಿಲ್ದಾಣ ಕಾಣುವ ತನಕ ಅಕ್ಕ ಮುಂದಿನ ಸೀಟಿನ ಕಂಬಿಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಕನ್ನಡದಲ್ಲಿ, ಪಕ್ಕದ ನನಗೂ ಸರಿಯಾಗಿ ಕೇಳದ ಹಾಗೆ ಹೇಳಿದರು.

"ಅವಳಿಗೆ ಧೈರ್ಯ ಬರಲಿ ಅಂತ ನಕ್ಕೆ ಕಣೇ."